ಮನೆಯ ಗಣಕದಲ್ಲಿರುವ ದಾಖಲೆಗಳಿಗೆ ಬೀಗ: ಖಾಸಗಿ ಕಡತಗಳ ಗೂಢಲಿಪೀಕರಣ

ಜೂನ್ ತಿಂಗಳು ಬಂದು ಶಾಲೆ ತೆರೆಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕಾಗದಪತ್ರಗಳ ಹುಡುಕಾಟ ಆರಂಭವಾಗುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ, ಹಿಂದಿನ ತರಗತಿಯ ಅಂಕಪಟ್ಟಿ ಎಲ್ಲವೂ ಬೇಕು. ಗಡಿನಾಡಿನ ಕುಟುಂಬಗಳಲ್ಲಿ ಈ ಕಟ್ಟು ಇನ್ನಷ್ಟು ದಪ್ಪ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆದವಾನಿ, ರಾಯದುರ್ಗಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅಜ್ಜನ ಜಮೀನಿನ ಪತ್ರ ಒಂದು ಆಡಳಿತದ್ದು, ಮೊಮ್ಮಗಳ ಶಾಲಾ ದಾಖಲೆ ಇನ್ನೊಂದು ಆಡಳಿತದ್ದು. ಹಳೆಯದನ್ನು ಎಸೆಯುವಂತಿಲ್ಲ, ಹೊಸದನ್ನು ಬಿಡುವಂತಿಲ್ಲ.

ಇಂದು ಇವೆಲ್ಲವನ್ನೂ ಸ್ಕ್ಯಾನ್ ಮಾಡಿಸಿ ಮನೆಯ ಲ್ಯಾಪ್‌ಟಾಪಿನ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತೇವೆ. ಹೆಚ್ಚಿನ ಮನೆಗಳಲ್ಲಿ ಅದರ ಹೆಸರೂ ‘ಡಾಕ್ಯುಮೆಂಟ್ಸ್’ ಎಂದೇ ಇರುತ್ತದೆ. ಆ ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳೆದುಹೋದರೆ, ಕಳವಾದರೆ ಅಥವಾ ಹಳತಾಯಿತೆಂದು ಮಾರಿದರೆ ಇಡೀ ಕುಟುಂಬದ ಗುರುತು ಬೇರೊಬ್ಬರ ಕೈಸೇರುತ್ತದೆ. ಇದನ್ನು ತಡೆಯುವ ಉಪಾಯವನ್ನು ಇಂಗ್ಲಿಷಿನಲ್ಲಿ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಗೂಢಲಿಪೀಕರಣ ಎಂಬ ಹೆಸರು ಬಳಕೆಯಲ್ಲಿದೆ. ಉಪಾಯ ಗಟ್ಟಿಯಾದದ್ದೇ. ಆದರೆ ಬೀಗದ ಕೈ ಕಳೆದುಕೊಂಡ ಮನೆಯವರಿಗೂ ಅದು ಕಳ್ಳರಿಗೆ ತೋರಿಸಿದಷ್ಟೇ ನಿಷ್ಠುರತೆಯನ್ನು ತೋರಿಸುತ್ತದೆ. ಈ ಎರಡನೆಯ ಮಾತನ್ನು ಹೇಳುವವರು ಕಡಿಮೆ. ಆದ್ದರಿಂದ ಈ ಲೇಖನದಲ್ಲಿ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇವೆ.

ಪ್ರವೇಶದ ಪಾಸ್‌ವರ್ಡ್ ಸಾಲದು

ಗಣಕವನ್ನು ಚಾಲೂ ಮಾಡುವಾಗ ಕೇಳುವ ಪಾಸ್‌ವರ್ಡ್ ಇರುವುದರಿಂದ ಕಡತಗಳು ಸುರಕ್ಷಿತವಾಗಿವೆ ಎಂದು ಹಲವರು ನಂಬಿದ್ದಾರೆ. ಅದು ತಲೆಬಾಗಿಲಿನ ಚಿಲಕ ಮಾತ್ರ. ಡಿಸ್ಕ್ ಗೂಢಲಿಪಿಯಲ್ಲಿ ಇಲ್ಲದಿದ್ದರೆ, ಅದನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಿ, ಅಥವಾ ಪೆನ್‌ಡ್ರೈವಿನಿಂದ ಬೇರೊಂದು ಕಾರ್ಯವ್ಯವಸ್ಥೆಯನ್ನು ಚಾಲೂ ಮಾಡಿ, ಒಳಗಿನ ಎಲ್ಲವನ್ನೂ ಓದಬಹುದು. ಚಿಲಕದ ಗೊಡವೆಯೇ ಅಲ್ಲಿ ಬರುವುದಿಲ್ಲ. ಫೋಲ್ಡರನ್ನು ‘ಹಿಡನ್’ ಮಾಡಿಡುವುದಂತೂ ರಕ್ಷಣೆಯೇ ಅಲ್ಲ. ಮರೆಯಾದವುಗಳನ್ನು ತೋರಿಸು ಎಂಬ ಆಯ್ಕೆಯನ್ನು ಒತ್ತಲು ಐದನೆಯ ತರಗತಿಯ ಮಗುವಿಗೂ ಗೊತ್ತಿದೆ.

ಗೂಢಲಿಪೀಕರಣದಲ್ಲಿ ಆಗುವುದು ಬೇರೆ. ಕಡತದ ಪ್ರತಿಯೊಂದು ಅಂಶವೂ ಒಂದು ರಹಸ್ಯ ಸಂಖ್ಯೆಯ ನೆರವಿನಿಂದ ಅರ್ಥವಿಲ್ಲದ ರಾಶಿಯಾಗಿ ಮಾರ್ಪಡುತ್ತದೆ. ಆ ಸಂಖ್ಯೆಯೇ ಕೀಲಿ. ಈಗ ಲೋಕವೆಲ್ಲ ಬಳಸುತ್ತಿರುವ ಕ್ರಮಕ್ಕೆ ಎಇಎಸ್ ಎಂದು ಹೆಸರು. ಬೆಲ್ಜಿಯಂ ದೇಶದ ಯೋಆನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಅದನ್ನು ರೂಪಿಸಿದರು. ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅದನ್ನು ಅಂಗೀಕರಿಸಿತು. ಅದರ ವಿಧಾನ ಗುಟ್ಟಿನದಲ್ಲ, ಯಾರು ಬೇಕಾದರೂ ಓದಬಹುದಾದದ್ದು. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ನಾವು ಕೊಡುವ ಪಾಸ್‌ವರ್ಡಿನಿಂದ ತಂತ್ರಾಂಶವು ಆ ಕೀಲಿಯನ್ನು ಹೊರಡಿಸುತ್ತದೆ. ಎಇಎಸ್ಸನ್ನು ನೇರವಾಗಿ ಮುರಿಯುವ ಗೋಜಿಗೆ ಯಾವ ಕಳ್ಳನೂ ಹೋಗುವುದಿಲ್ಲ. ಪಾಸ್‌ವರ್ಡನ್ನು ಊಹಿಸಲು ನೋಡುತ್ತಾನೆ.

ಮೂರು ದಾರಿಗಳು

ಮೊದಲನೆಯದು ಇಡೀ ಡಿಸ್ಕಿಗೆ ಬೀಗ ಹಾಕುವುದು. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಇದಕ್ಕೆ ಬಿಟ್‌ಲಾಕರ್ ಎಂದು ಹೆಸರು. ಮನೆಬಳಕೆಯ ಹೋಮ್ ಆವೃತ್ತಿಯಲ್ಲಿ, ಯಂತ್ರ ಅದಕ್ಕೆ ತಕ್ಕುದಾಗಿದ್ದರೆ, ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಸರಳ ರೂಪ ಸಿಗುತ್ತದೆ. ಆ್ಯಪಲ್ ಯಂತ್ರಗಳಲ್ಲಿ ಫೈಲ್‌ವಾಲ್ಟ್ ಇದೆ. ಉಬುಂಟು ಹಾಕಿಸುವವರು ಅನುಸ್ಥಾಪನೆಯ ಸಮಯದಲ್ಲಿಯೇ ಡಿಸ್ಕನ್ನು ಗೂಢಲಿಪಿಗೆ ಒಳಪಡಿಸುವ ಆಯ್ಕೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ಹಾಕಿಸುವುದು ಕಷ್ಟ. ಈ ದಾರಿಯ ಹಿತವೆಂದರೆ ಮತ್ತೆ ಮತ್ತೆ ಯೋಚಿಸಬೇಕಾಗಿಲ್ಲ. ಆದರೆ ಗಣಕ ತೆರೆದಿರುವಷ್ಟು ಹೊತ್ತು ಎಲ್ಲ ಕಡತಗಳೂ ತೆರೆದೇ ಇರುತ್ತವೆ. ಒಂದೇ ಲ್ಯಾಪ್‌ಟಾಪನ್ನು ಮನೆಮಂದಿಯೆಲ್ಲ ಒಂದೇ ಹೆಸರಿನಲ್ಲಿ ಬಳಸುವ ಮನೆಗೆ ಇದೊಂದೇ ಸಾಲದು.

ಎರಡನೆಯದು ಗಣಕದೊಳಗೆ ಒಂದು ಗಟ್ಟಿ ಪೆಟ್ಟಿಗೆಯನ್ನು ಮಾಡಿಕೊಳ್ಳುವುದು. ಇದಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಪ್ರಸಿದ್ಧ. ಹಿಂದೆ ಟ್ರೂಕ್ರಿಪ್ಟ್ ಎಂಬುದೊಂದಿತ್ತು. 2014ರಲ್ಲಿ ಅದನ್ನು ಮಾಡುತ್ತಿದ್ದವರು ಕೈಬಿಟ್ಟರು. ಅದರ ಮೂಲವನ್ನು ಬಳಸಿ ಫ್ರಾನ್ಸಿನಲ್ಲಿ ಬೆಳೆದದ್ದು ವೆರಾಕ್ರಿಪ್ಟ್. ಇಷ್ಟು ಗಾತ್ರದ ಪೆಟ್ಟಿಗೆ ಬೇಕೆಂದು ಹೇಳಿ ಪಾಸ್‌ವರ್ಡ್ ಕೊಟ್ಟರೆ ಅದು ಒಂದೇ ಒಂದು ದೊಡ್ಡ ಕಡತವನ್ನು ಸೃಷ್ಟಿಸುತ್ತದೆ. ಆ ಕಡತವನ್ನು ಪಾಸ್‌ವರ್ಡ್ ಕೊಟ್ಟು ತೆರೆದಾಗ ಹೊಸ ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಬೇಕಾದದ್ದನ್ನು ಇಡಬಹುದು, ತೆಗೆಯಬಹುದು. ಕೆಲಸ ಮುಗಿದ ಮೇಲೆ ಬೇರ್ಪಡಿಸಿದರೆ ಮತ್ತೆ ಅರ್ಥವಾಗದ ರಾಶಿ. ಪ್ರಮಾಣಪತ್ರಗಳು, ಜಮೀನಿನ ಪತ್ರಗಳು, ಬ್ಯಾಂಕಿನ ವಿವರಗಳು ಮುಂತಾದವಕ್ಕೆ ಒಂದು ಜಿಬಿ ಗಾತ್ರದ ಪೆಟ್ಟಿಗೆ ಸಾಮಾನ್ಯವಾಗಿ ಧಾರಾಳ. ಮನೆಬಳಕೆಗೆ ನಾವು ಇದನ್ನೇ ಹೆಚ್ಚಾಗಿ ಸೂಚಿಸುತ್ತೇವೆ.

ಮೂರನೆಯದು ಒಂದು ಫೋಲ್ಡರನ್ನು ಮಾತ್ರ ಗಂಟುಕಟ್ಟಿ ಬೀಗ ಹಾಕುವುದು. ಉಚಿತವಾಗಿ ಸಿಗುವ 7-ಜಿಪ್ ಇದಕ್ಕೆ ಸಾಕು. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಆ್ಯಡ್ ಟು ಆರ್ಕೈವ್’ ಎಂಬುದನ್ನು ಆರಿಸಿ, ಸ್ವರೂಪವನ್ನು ಜಿಪ್ ಎಂದಿರಿಸದೆ 7ಜೆಡ್ ಎಂದಿರಿಸಿ, ಪಾಸ್‌ವರ್ಡನ್ನು ಎರಡು ಬಾರಿ ಬರೆದು, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಎಂಬ ಚೌಕಕ್ಕೆ ಗುರುತು ಹಾಕಬೇಕು. ಆ ಗುರುತು ಹಾಕದಿದ್ದರೆ ಒಳಗಿನದನ್ನು ಓದಲಾಗದಿದ್ದರೂ ಕಡತಗಳ ಹೆಸರುಗಳು ಎಲ್ಲರಿಗೂ ಕಾಣುತ್ತವೆ. ‘ಅಮ್ಮನ ಬ್ಯಾಂಕ್ ಲಾಕರ್’ ಎಂಬ ಹೆಸರೇ ಬೇಕಾದಷ್ಟು ಹೇಳುತ್ತದೆ. ಶಾಲೆಗೂ ಮನೆಗೂ ನಡುವೆ ಪೆನ್‌ಡ್ರೈವಿನಲ್ಲಿ ಒಯ್ಯುವ ಕಡತಗಳಿಗೆ ಈ ದಾರಿ ಹೊಂದುತ್ತದೆ. ಕೇರಳದ ಸಾರ್ವಜನಿಕ ಶಾಲೆಗಳ ಗಣಕಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆ ಇರುವುದರಿಂದ, ಬಿಟ್‌ಲಾಕರ್ ಹಾಕಿದ ಪೆನ್‌ಡ್ರೈವ್ ಅಲ್ಲಿ ಸುಲಭವಾಗಿ ತೆರೆದುಕೊಳ್ಳದಿರಬಹುದು. ವೆರಾಕ್ರಿಪ್ಟ್ ಪೆಟ್ಟಿಗೆಯನ್ನು ಅಲ್ಲಿ ತೆರೆಯಲು ಗಣಕದ ಆಡಳಿತಾಧಿಕಾರ ಬೇಕಾಗುತ್ತದೆ, ಅದು ಮಕ್ಕಳಿಗೆ ಇರುವುದಿಲ್ಲ. 7ಜೆಡ್ ಗಂಟಿಗೆ ಇಂಥ ತೊಡಕು ಕಡಿಮೆ.

ವಿಂಡೋಸ್ ಪ್ರೊದಲ್ಲಿ ಫೋಲ್ಡರಿನ ಪ್ರಾಪರ್ಟೀಸ್‌ನೊಳಗೆ ಇನ್ನೊಂದು ಆಯ್ಕೆಯೂ ಇದೆ, ಇಎಫ್‌ಎಸ್ ಎನ್ನುವುದು. ಒಂದು ಗುರುತು ಹಾಕಿದರೆ ಮುಗಿಯಿತು ಎಂಬ ಸುಲಭತನವೇ ಅದರ ಅಪಾಯ. ಅದರ ಕೀಲಿಯನ್ನು ಪ್ರತ್ಯೇಕವಾಗಿ ತೆಗೆದಿಡದೆ ವಿಂಡೋಸನ್ನು ಮತ್ತೆ ಹಾಕಿಸಿದರೆ ಕಡತಗಳು ಕೈತಪ್ಪಿದಂತೆಯೇ. ಸಾಮಾನ್ಯ ಪೆನ್‌ಡ್ರೈವಿಗೆ ನಕಲು ಮಾಡಿದರೆ ಬೀಗವೇ ಕಳಚಿಹೋಗಬಹುದು. ಮನೆಬಳಕೆಗೆ ಅದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಪಾಸ್‌ವರ್ಡ್: ಕನ್ನಡದ ಮನೆಯ ತೊಡಕುಗಳು

ಇ-ಆಧಾರ್ ಕಡತವನ್ನು ಇಳಿಸಿಕೊಂಡವರಿಗೆ ಅದರ ಪಾಸ್‌ವರ್ಡಿನ ಕ್ರಮ ಗೊತ್ತು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು, ಆಮೇಲೆ ಹುಟ್ಟಿದ ವರ್ಷ. ಇಲ್ಲಿಯೇ ನಮ್ಮ ಗಡಿನಾಡಿನ ಒಂದು ಹಳೆಯ ತಾಪತ್ರಯ ತಲೆಹಾಕುತ್ತದೆ. ಲಕ್ಷ್ಮಿ ಎಂಬ ಹೆಸರು ಕರ್ನಾಟಕದ ಕಡೆ ‘ಎಲ್ ಎ ಕೆ ಎಸ್’ ಎಂದು ಆರಂಭವಾದರೆ ಸೊಲ್ಲಾಪುರ, ಜತ್ತದ ಕಡೆ ಹಲವೊಮ್ಮೆ ‘ಎಲ್ ಎ ಎಕ್ಸ್ ಎಂ’ ಆಗುತ್ತದೆ. ಶ್ರೀ ಎಂಬುದು ಅಲ್ಲಿ ‘ಎಸ್ ಎಚ್ ಆರ್’, ಕೇರಳದಲ್ಲಿ ಬಹುಮಟ್ಟಿಗೆ ‘ಎಸ್ ಆರ್ ಇ ಇ’. ಶಾಲೆಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು ಇದ್ದ ಮಗುವಿನ ಹೆತ್ತವರು ಕಡತ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಇಳಿಸಿಕೊಳ್ಳುವುದನ್ನು ಕಂಡಿದ್ದೇವೆ. ಕೆಟ್ಟಿರುವುದು ಕಡತವಲ್ಲ, ಆಧಾರಿನಲ್ಲಿರುವ ಕಾಗುಣಿತವನ್ನೇ ಕೊಡಬೇಕು.

ಆ ಪಾಸ್‌ವರ್ಡ್ ರಕ್ಷಣೆಯ ದೃಷ್ಟಿಯಿಂದ ದುರ್ಬಲವಾದದ್ದು. ಹೆಸರು ಗೊತ್ತಿರುವವನಿಗೆ ಉಳಿಯುವುದು ವರ್ಷ ಮಾತ್ರ. ನೂರು ವರ್ಷಗಳನ್ನು ಒಂದೊಂದಾಗಿ ಕೊಟ್ಟು ನೋಡಲು ಗಣಕಕ್ಕೆ ಕ್ಷಣ ಸಾಕು. ಬ್ಯಾಂಕಿನ ಜಾಲತಾಣದಲ್ಲಿ ಮೂರು ಬಾರಿ ತಪ್ಪಿದರೆ ಬಾಗಿಲು ಮುಚ್ಚುತ್ತದೆ. ಕೈಸೇರಿದ ಕಡತಕ್ಕೆ ಅಂಥ ಲೆಕ್ಕವಿಲ್ಲ, ಎಷ್ಟು ಬಾರಿಯಾದರೂ ಪ್ರಯತ್ನಿಸಬಹುದು. ಆದ್ದರಿಂದ ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯೆಂದು ಅದನ್ನು ಹೊರಗೆ ಬಿಡದೆ ಪೆಟ್ಟಿಗೆಯೊಳಗೇ ಇಡಬೇಕು.

ಹಾಗಾದರೆ ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಕೊಡಬಹುದೇ? ಭಾಷಾಭಿಮಾನದಿಂದ ಈ ಪ್ರಶ್ನೆ ಸಹಜ. ಆದರೂ ಬೇಡ ಎನ್ನುತ್ತೇವೆ. ‘ಕೊ’ ಎಂಬ ಅಕ್ಷರ ಯೂನಿಕೋಡಿನಲ್ಲಿ ಎರಡು ಬಗೆಯಾಗಿ ದಾಖಲಾಗಬಹುದು: ಒಂದೇ ಸ್ವರಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಣೆಯಾಗಿ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಕೆಲವು ಒತ್ತಕ್ಷರಗಳಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಸೇರಿಕೊಳ್ಳಬಹುದು. ನುಡಿಯಲ್ಲಿ ಬೆರಳಚ್ಚಿಸಿದ್ದು ಇನ್ನೊಂದು ಕೀಲಿಮಣೆಯಲ್ಲಿ ಅದೇ ಆಗಿ ಬರುತ್ತದೆಂಬ ಭರವಸೆ ಇಲ್ಲ. ಗಣಕ ಚಾಲೂ ಆಗುವ ಮೊದಲ ಪರದೆಯಲ್ಲಂತೂ ಕನ್ನಡ ಕೀಲಿಮಣೆಯೇ ಇರುವುದಿಲ್ಲ.

ಪದಗಳು ಕನ್ನಡದವಿರಲಿ, ಅಕ್ಷರ ಇಂಗ್ಲಿಷಿನದಿರಲಿ. ಒಂದು ಕ್ರಮವನ್ನು ಹೇಳುತ್ತೇವೆ. ಮಕ್ಕಳಿಗೂ ಇದು ಆಟವಾಗುತ್ತದೆ. 1995ರಲ್ಲಿ ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ದಾಳ ಎಸೆದು ಪದಗಳನ್ನು ಆರಿಸುವ ಡೈಸ್‌ವೇರ್ ಎಂಬ ವಿಧಾನವನ್ನು ಪ್ರಚುರಪಡಿಸಿದರು. ಅವರ ಪಟ್ಟಿಯಲ್ಲಿ 7,776 ಪದಗಳಿವೆ. ಮನೆಯಲ್ಲಿ ಅಷ್ಟು ಬೇಡ. ಆರು ಹಾಳೆಗಳನ್ನು ತೆಗೆದುಕೊಂಡು ಪ್ರತಿಯೊಂದರಲ್ಲೂ ಆರು ಸಾಲು, ಆರು ಕಂಬಗಳ ಚೌಕಗಳನ್ನು ಎಳೆದರೆ ಒಟ್ಟು 216 ಮನೆಗಳಾಗುತ್ತವೆ. ಒಂದೊಂದರಲ್ಲಿ ಒಂದೊಂದು ದಿನಬಳಕೆಯ ಕನ್ನಡ ಪದ: ಹಲಸು, ಒರಳು, ಚಪ್ಪರ, ಬೆಲ್ಲ, ಗುಡುಗು, ಹೀಗೆ. ಪ್ರತಿಯೊಂದರ ಕೆಳಗೆ ಅದರ ಇಂಗ್ಲಿಷ್ ಅಕ್ಷರರೂಪ, ಎಲ್ಲವೂ ಸಣ್ಣಕ್ಷರದಲ್ಲಿ. ಕಾಗುಣಿತದ ಗೊಂದಲ ಅಲ್ಲಿಯೇ ತೀರುತ್ತದೆ. ಒಂದು ಎಚ್ಚರಿಕೆ ಬೇಕು: ಹಳ್ಳಿ ಮತ್ತು ಹಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಒಂದೇ ಆಗುತ್ತವೆ, ಅಂಥ ಜೋಡಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು.

ಅನಂತರ ಹಾವು-ಏಣಿ ಆಟದ ದಾಳವನ್ನು ಮೂರು ಬಾರಿ ಎಸೆಯುವುದು. ಮೊದಲನೆಯದು ಹಾಳೆ, ಎರಡನೆಯದು ಸಾಲು, ಮೂರನೆಯದು ಕಂಬ. ಸಿಕ್ಕಿದ ಪದವನ್ನು ಇಷ್ಟವಿಲ್ಲವೆಂದು ಬದಲಿಸಕೂಡದು. ಕವಡೆ ಈ ಕೆಲಸಕ್ಕೆ ಆಗದು, ಬಾಯಿ ಮೇಲಾಗಿ ಬೀಳುವುದೂ ಬೆನ್ನು ಮೇಲಾಗಿ ಬೀಳುವುದೂ ಸಮನಾಗಿರುವುದಿಲ್ಲ. ಹೀಗೆ ಏಳು ಪದಗಳನ್ನು ಆರಿಸಿದರೆ ಸಾಧ್ಯವಾದ ಜೋಡಣೆಗಳ ಸಂಖ್ಯೆ 21,900 ಲಕ್ಷ ಕೋಟಿಯನ್ನು ಮೀರುತ್ತದೆ. ಪಟ್ಟಿ ಕಳ್ಳನ ಕೈಗೆ ಸಿಕ್ಕರೂ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ಆಯ್ಕೆ ಮಾಡಿದ್ದು ದಾಳ. ಏಳು ಪದಗಳನ್ನು ಸೇರಿಸಿ ಮಗುವಿನಿಂದ ಒಂದು ಹುಚ್ಚು ಕಥೆ ಕಟ್ಟಿಸಿದರೆ ನೆನಪಿನಲ್ಲಿ ಉಳಿಯುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಅಕ್ಷರಗಳಿದ್ದರೆ ವೆರಾಕ್ರಿಪ್ಟ್ ಎಚ್ಚರಿಸುತ್ತದೆ. ಏಳು ಪದಗಳು ಆ ಎಲ್ಲೆಯನ್ನು ಸಾಮಾನ್ಯವಾಗಿ ದಾಟಿರುತ್ತವೆ.

ಕೀಲಿ ಯಾರ ಬಳಿ ಇದೆ?

ನಮ್ಮ ಪರಿಚಯದ ಒಂದು ಮನೆಯಲ್ಲಿ ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಂಡರು. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಸಿದ್ಧಪಡಿಸಿ, ಮೈಕ್ರೋಸಾಫ್ಟ್ ಖಾತೆಯನ್ನೂ ತಾವೇ ತೆರೆದು, ನಾಲ್ಕಂಕಿಯ ಪಿನ್ ಮಾತ್ರ ತಿಳಿಸಿ ಕೊಟ್ಟರು. ಒಂದೂವರೆ ವರ್ಷದ ಮೇಲೆ ಯಂತ್ರ ಕೆಟ್ಟು ಮದರ್‌ಬೋರ್ಡ್ ಬದಲಾಯಿಸಬೇಕಾಯಿತು. ರಿಪೇರಿಯಾಗಿ ಬಂದ ದಿನ ನೀಲಿ ಪರದೆಯೊಂದು ಮೂಡಿ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಿತು. ಬೀಗ ಹಾಕಿದ್ದೇ ಆ ಮನೆಯವರಿಗೆ ಗೊತ್ತಿರಲಿಲ್ಲ. ಕೀಲಿ ಇದ್ದದ್ದು ಅಂಗಡಿಯವರು ತೆರೆದ ಖಾತೆಯಲ್ಲಿ. ಆ ಖಾತೆಯ ಹೆಸರು, ಪಾಸ್‌ವರ್ಡ್ ಅವರಿಗೂ ನೆನಪಿರಲಿಲ್ಲ. ಪ್ರಮಾಣಪತ್ರಗಳ ಮೂಲ ಪ್ರತಿಗಳು ಕಪಾಟಿನಲ್ಲಿದ್ದವು, ಮತ್ತೆ ಸ್ಕ್ಯಾನ್ ಮಾಡಿಸಿದರು. ಅಜ್ಜಿ ತೀರಿಕೊಳ್ಳುವ ಮೊದಲು ಹಾಡಿಸಿ ದಾಖಲಿಸಿಕೊಂಡಿದ್ದ ಶೋಭಾನೆ ಹಾಡುಗಳಿಗೆ ಮೂಲ ಪ್ರತಿ ಇರಲಿಲ್ಲ. ಅವು ಈಗಲೂ ಆ ಡಿಸ್ಕಿನಲ್ಲಿವೆ. ಯಾರೂ ಕೇಳಲಾರರು.

ವಿಂಡೋಸ್ 11ರ 2024ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಸಿದ್ಧಪಡಿಸಿದ ಹೆಚ್ಚಿನ ಗಣಕಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಜಾರಿಗೆ ಬರುತ್ತದೆ. ಆದ್ದರಿಂದ ಇಂಥ ಸಂದರ್ಭ ಇನ್ನು ಅಪರೂಪವಾಗಿರಲಾರದು. ಹೊಸ ಲ್ಯಾಪ್‌ಟಾಪ್ ಇರುವ ಓದುಗರು ಇಂದೇ ಮೂರು ಸಂಗತಿಗಳನ್ನು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ: ಡಿಸ್ಕಿಗೆ ಬೀಗ ಬಿದ್ದಿದೆಯೇ, ಖಾತೆ ಯಾರ ಹೆಸರಿನಲ್ಲಿದೆ, ರಿಕವರಿ ಕೀಲಿ ಎಲ್ಲಿದೆ. ಖಾತೆ ತಮ್ಮದೇ ಆಗಿದ್ದರೆ ಅದರ ಪುಟದಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳಾಗಿ ಕೀಲಿ ಕಾಣಿಸುತ್ತದೆ. ಅದನ್ನು ಮುದ್ರಿಸಿ, ಅಥವಾ ಕೈಯಲ್ಲಿ ಬರೆದು ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ, ಜಮೀನಿನ ಪತ್ರಗಳಿರುವ ಕಪಾಟಿನಲ್ಲಿ ಇಡಬೇಕು. ಅದೇ ಲ್ಯಾಪ್‌ಟಾಪಿನಲ್ಲಿ ಕೀಲಿಯ ಚಿತ್ರವನ್ನು ಉಳಿಸಿಡುವುದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಂತೆ.

ವೆರಾಕ್ರಿಪ್ಟ್, 7-ಜಿಪ್‌ಗಳಿಗೆ ರಿಕವರಿ ಕೀಲಿಯೇ ಇಲ್ಲ. ಪಾಸ್‌ವರ್ಡ್ ಮರೆತರೆ ತಂತ್ರಾಂಶ ಮಾಡಿದವರೂ ತೆರೆಯಲಾರರು. ಕಾಗದದಲ್ಲಿ ಬರೆದಿಡಬಾರದೆಂಬ ಬುದ್ಧಿಮಾತನ್ನು ಕಚೇರಿಗಳಿಗೆ ಬಿಡೋಣ. ಮನೆಯ ಮಟ್ಟಿಗೆ, ಏಳು ಪದಗಳನ್ನು ಬರೆದ ಲಕೋಟೆಯೊಂದು ಕಪಾಟಿನಲ್ಲಿಯೂ ಇನ್ನೊಂದು ನಂಬಿಕೆಯ ನೆಂಟರ ಮನೆಯಲ್ಲಿಯೂ ಇರುವುದು ಮೇಲು. ಲ್ಯಾಪ್‌ಟಾಪ್ ಕದಿಯುವವನು ಕಪಾಟಿನ ಲಕೋಟೆಯನ್ನೂ ಹುಡುಕಿಕೊಂಡು ಹೋಗುವುದು ಅಪರೂಪ. ಮನೆಯ ಯಜಮಾನರೊಬ್ಬರಿಗೇ ಗೊತ್ತಿದ್ದ ಪಾಸ್‌ವರ್ಡ್ ಅವರೊಂದಿಗೇ ಹೋಗುವುದು ಅಪರೂಪವಲ್ಲ.

ಎಲ್ಲಕ್ಕೂ ಬೀಗ ಬೇಡ. ಅನ್ಯರು ನೋಡಿದರೆ ಹಾನಿಯಾಗುವ ಪತ್ರಗಳಿಗೆ ಪೆಟ್ಟಿಗೆ. ಮದುವೆಯ ಚಿತ್ರಗಳು, ಅಜ್ಜಿಯ ಹಾಡು, ಮಗುವಿನ ಶಾಲಾ ನಾಟಕದ ವೀಡಿಯೊ ಮುಂತಾದವನ್ನು ಬೀಗವಿಲ್ಲದೆ ಎರಡು ಮೂರು ಕಡೆ ನಕಲು ಮಾಡಿಡುವುದೇ ಸರಿ.

ಬೀಗದ ಹೊರಗೆ ಉಳಿಯುವವು

ಪೆಟ್ಟಿಗೆಗೆ ನಕಲು ಮಾಡಿದ ಮೇಲೆ ಹಳೆಯ ಪ್ರತಿ ಇದ್ದಲ್ಲಿಯೇ ಇರುತ್ತದೆ. ಅಳಿಸಿದರೂ ರಿಸೈಕಲ್ ಬಿನ್ನಿನಲ್ಲಿ ಕೂತಿರುತ್ತದೆ. ಅಲ್ಲಿಂದ ತೆಗೆದರೂ ಡಿಸ್ಕಿನಿಂದ ಎತ್ತಿಕೊಡುವ ತಂತ್ರಾಂಶಗಳಿವೆ. ಎಸ್‌ಎಸ್‌ಡಿ ಮಾದರಿಯ ಡಿಸ್ಕುಗಳಲ್ಲಿ ಮೇಲೆ ಬೇರೆ ಬರೆದು ಅಳಿಸುವ ಹಳೆಯ ಉಪಾಯವೂ ಖಚಿತವಲ್ಲ. ಆದ್ದರಿಂದ ಸಾಧ್ಯವಿದ್ದರೆ ಡಿಸ್ಕಿಗೂ ಬೀಗ, ಅದರೊಳಗೆ ಪೆಟ್ಟಿಗೆಯೂ ಇರಲಿ. 7-ಜಿಪ್ ಗಂಟಿನೊಳಗಿನ ಕಡತವನ್ನು ಅಲ್ಲಿಂದಲೇ ತೆರೆದಾಗ ಅದರ ತಾತ್ಕಾಲಿಕ ಪ್ರತಿಯೊಂದು ಗಣಕದ ಟೆಂಪ್ ಫೋಲ್ಡರಿಗೆ ಬರುತ್ತದೆ. ಗಣಕ ನಡುವೆ ನಿಂತುಹೋದರೆ ಆ ಪ್ರತಿ ಅಲ್ಲಿಯೇ ಉಳಿದೀತು.

ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ ಪ್ರಮಾಣಪತ್ರ, ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಮುದ್ರಣಕ್ಕೆಂದು ಇಳಿಸಿದ ಆಧಾರ್, ಇವಕ್ಕೆ ಮನೆಯ ಬೀಗ ತಲುಪುವುದಿಲ್ಲ. ಅಂಗಡಿಯಿಂದ ಹೊರಡುವ ಮೊದಲು ಡೌನ್‌ಲೋಡ್ಸ್ ಫೋಲ್ಡರಿನಿಂದ ಅಳಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ಕೊಡಬಹುದು. ಪೆಟ್ಟಿಗೆ ತೆರೆದಿರುವಾಗ ಗಣಕಕ್ಕೆ ದುಷ್ಟ ತಂತ್ರಾಂಶ ಹೊಕ್ಕರೆ ಅದೂ ಒಳಗಿನದನ್ನು ಓದಬಲ್ಲದು. ಹಣ ಕೇಳುವ ರ‍್ಯಾನ್ಸಮ್‌ವೇರ್ ನಮ್ಮ ಪೆಟ್ಟಿಗೆಯ ಮೇಲೆಯೇ ತನ್ನದೊಂದು ಬೀಗ ಜಡಿಯಬಲ್ಲದು. ಪೆಟ್ಟಿಗೆಯ ಕಡತದ ಇನ್ನೊಂದು ಪ್ರತಿ ಗಣಕಕ್ಕೆ ಸದಾ ಜೋಡಿಸಿರದ ಪೆನ್‌ಡ್ರೈವಿನಲ್ಲಿ ಇರಬೇಕಾದದ್ದು ಇದಕ್ಕಾಗಿ.

ಕಾನೂನಿನ ಬಗ್ಗೆ ಒಂದು ಮಾತು. ಸ್ವಂತ ಕಡತಗಳಿಗೆ ಹೀಗೆ ಬೀಗ ಹಾಕಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಆದರೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ನೆಯ ಪ್ರಕರಣದಂತೆ, ಅಧಿಕಾರವುಳ್ಳ ಸಂಸ್ಥೆ ವಿಧಿವತ್ತಾಗಿ ಆದೇಶಿಸಿದಾಗ ತೆರೆದು ತೋರಿಸಲು ನೆರವಾಗದಿದ್ದರೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಮೊದಲ ಬಾರಿಗೆ ಪೆಟ್ಟಿಗೆ ಮಾಡುವವರು ಬೆಲೆಯಿಲ್ಲದ ಎರಡು ಮೂರು ಕಡತಗಳನ್ನು ಹಾಕಿ ಮುಚ್ಚಿ, ಗಣಕವನ್ನು ಪೂರ್ತಿ ನಿಲ್ಲಿಸಿ, ಮರುದಿನ ತೆರೆದು ನೋಡಲಿ. ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಇನ್ನೊಂದು ಗಣಕದಲ್ಲೂ, ಲಕೋಟೆಯಲ್ಲಿ ಬರೆದಿರುವುದನ್ನೇ ನೋಡಿಕೊಂಡು, ತೆರೆಯಲಿ. ಈ ಬಾರಿ ಕೀಲಿಮಣೆಯ ಮುಂದೆ ಕೂರುವವರು ಪಾಸ್‌ವರ್ಡ್ ಮಾಡಿದವರಲ್ಲದೆ ಮನೆಯ ಇನ್ನೊಬ್ಬರಾಗಿರಲಿ. ಅವರಿಂದ ತೆರೆಯಲಾದ ಮೇಲೆ ನಿಜವಾದ ಪತ್ರಗಳನ್ನು ಒಳಗಿಟ್ಟು ಹೊರಗಿನ ಪ್ರತಿಗಳನ್ನು ಅಳಿಸಬಹುದು.